ದಾಸೋಹದ ತಟ್ಟೆಯಲ್ಲಿ ಏನಿದೆ?



ತೋರಣಗಲ್ಲಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಸಂಡೂರಿನ ಗುಡ್ಡಗಳಿಂದ ಇಳಿದ ಅದಿರು ರೈಲಿನಲ್ಲಿ ಬರುತ್ತದೆ, ಲಾರಿಯಲ್ಲಿ ಬರುತ್ತದೆ, ಗಾಳಿಯಲ್ಲೂ ಬರುತ್ತದೆ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಗೆ ತಿರುಗಿರುತ್ತದೆ. ಇಲ್ಲಿ ಕಾವಿ ಉಡಿಸಲು ಮಠವೇ ಬೇಕಿಲ್ಲ ಎಂದು ಹಾಸ್ಯ ಮಾಡುವವರಿದ್ದಾರೆ. ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ಇಲ್ಲಿ ಹಗಲು ರಾತ್ರಿ ಉರಿಯುತ್ತದೆ. ಇಂಥ ನೆಲದಲ್ಲಿ ಬಸುರಿ ಹೆಣ್ಣುಮಕ್ಕಳು ‘ರಕ್ತ ಕಡಿಮೆ ಐತಿ’ ಎನ್ನಿಸಿಕೊಂಡು ಕಬ್ಬಿಣದ ಮಾತ್ರೆಯ ಪೊಟ್ಟಣ ಹಿಡಿದು ಮನೆಗೆ ಹೋಗುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಹೀಗಿದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕೂ ಹೆಚ್ಚು. ಅದೇ ವಯಸ್ಸಿನ ಮಕ್ಕಳಲ್ಲಿ 100ಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು ಇಡೀ ರಾಜ್ಯದ ಸರಾಸರಿ. ನಮ್ಮ ಕಲ್ಯಾಣ ಕರ್ನಾಟಕದ ಸ್ಥಿತಿ ಇದಕ್ಕಿಂತ ಮೇಲು ಎಂದು ಯಾರೂ ಹೇಳುವುದಿಲ್ಲ.

ಧರ್ಮದ ಪತ್ರಿಕೆಯಲ್ಲಿ ಈ ಲೆಕ್ಕವೇಕೆ ಎಂದು ಕೆಲವು ಓದುಗರು ಕೇಳಬಹುದು. ಸರ್ಕಾರ ನಮ್ಮಿಂದ ಎರಡು ಮಾತುಗಳನ್ನು ಕಡ ತೆಗೆದುಕೊಂಡಿದೆ, ಅದಕ್ಕೆ. 2002ರ ಜೂನ್‌ನಲ್ಲಿ ಶಾಲಾ ಮಕ್ಕಳ ಬಿಸಿಯೂಟವನ್ನು ಬಳ್ಳಾರಿಯೂ ಸೇರಿದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಮೊದಲು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಹೊಸ ಹೆಸರು ಬೇಕಾದಾಗ ಆರಿಸಿದ್ದು ‘ಕಲ್ಯಾಣ’. ಎರಡೂ ಬಸವಣ್ಣನವರ ಮಹಾಮನೆಯ ಮಾತುಗಳು. ದಾಸೋಹ ಎಂಬ ಹೆಸರು ಹೊತ್ತ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಆ ಹಕ್ಕಿಗೆ ಮೊದಲು ನಮ್ಮದೇ ತಟ್ಟೆಯನ್ನು ನೋಡಿಕೊಳ್ಳುವ ಹೊಣೆಯೂ ಇದೆ.

2021ರ ಡಿಸೆಂಬರಿನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಮತ್ತು ವಿಜಯಪುರ ಜಿಲ್ಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಮುಂದಾಯಿತು. ನಮ್ಮ ಹಲವು ಮಠಾಧೀಶರು, ಸಂಘಟನೆಗಳ ಮುಖಂಡರು ಪ್ರತಿಭಟನೆಗೆ ಇಳಿದರು. ಆಗ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗಿ ಮೈಕಿನ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಬೇಡ ಎನ್ನುವುದಾದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂಬರ್ಥದ ಮಾತಾಡಿದಳು. ಆ ದೃಶ್ಯ ಊರೂರಿನ ಮೊಬೈಲುಗಳಲ್ಲಿ ಹರಿದಾಡಿತು. ಕೆಲವರು ನಕ್ಕರು, ಕೆಲವರು ಸಿಟ್ಟಾದರು, ಯಾರೋ ಹೇಳಿಕೊಟ್ಟದ್ದು ಎಂದರು. ಹೇಳಿಕೊಟ್ಟದ್ದೇ ಇರಲಿ; ಪ್ರಶ್ನೆ ಪ್ರಶ್ನೆಯೇ. ಮಠಗಳ ಕಡೆಯಿಂದ ಅದಕ್ಕೆ ಉತ್ತರ ಹೋದದ್ದನ್ನು ನಾನು ಕಂಡಿಲ್ಲ. ಮೊಟ್ಟೆಯಂತೂ ನಿಲ್ಲಲಿಲ್ಲ. 2022ರಲ್ಲಿ ಅದು ಇಡೀ ರಾಜ್ಯಕ್ಕೆ ಹಬ್ಬಿತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರಕ್ಕೆ 6 ದಿನ ಆಯಿತು. ಆಯ್ಕೆ ಕೊಟ್ಟಾಗ ಹೆಚ್ಚಿನ ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು.

ನನ್ನ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಮಠದ ಅಡುಗೆಮನೆಯಲ್ಲಿ ಮೊಟ್ಟೆ ಬೇಯಬೇಕಾಗಿಲ್ಲ. ಅದು ನಮ್ಮ ಆಚರಣೆ, ಅದನ್ನು ಯಾರೂ ಬಿಡಿಸುತ್ತಿಲ್ಲ. ಆದರೆ ಸರ್ಕಾರಿ ಶಾಲೆ ಮಠವಲ್ಲ. ಅಲ್ಲಿ ಸಾಲಾಗಿ ಕೂರುವವರು ವಾಲ್ಮೀಕಿ ನಾಯಕರ ಮಕ್ಕಳು, ಮಾದಿಗರ, ಛಲವಾದಿಗಳ ಮಕ್ಕಳು, ಕುರುಬರ, ಮುಸಲ್ಮಾನರ ಮಕ್ಕಳು, ಕೆಲಸ ಹುಡುಕಿಕೊಂಡು ತೋರಣಗಲ್ಲಿಗೆ ಬಂದ ಬಿಹಾರ, ಒಡಿಶಾದ ಕೂಲಿಗಳ ಮಕ್ಕಳು. ಅವರ ಮನೆಯಲ್ಲಿ ಮೊಟ್ಟೆ ನಿಷಿದ್ಧವಲ್ಲ, ದುಬಾರಿ ಅಷ್ಟೇ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಬಂದು ಉಂಡನೆಂದು ಹೇಳಿಕೊಂಡು ಬಂದವರು ನಾವು. ಚೆನ್ನಯ್ಯನ ಮೊಮ್ಮಕ್ಕಳ ತಟ್ಟೆಯಲ್ಲಿರುವುದು ಮೈಲಿಗೆ ಎಂದು ಅದೇ ಬಾಯಲ್ಲಿ ಹೇಳಲಾಗದು.

ಬೇಡ ಎನ್ನುವವರು ಅದರ ಬದಲು ಏನು ಕೊಡುತ್ತೀರಿ ಎಂಬುದಕ್ಕೂ ಉತ್ತರಿಸಬೇಕಲ್ಲವೇ? ಅದಕ್ಕೆ ಆಹಾರ ಅಂದರೇನು ಎಂಬ ಮೊದಲ ಪಾಠವಾದರೂ ನಮಗೆ ಗೊತ್ತಿರಬೇಕು.

ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. ಅನ್ನ, ರೊಟ್ಟಿ, ಬೆಲ್ಲ, ಎಣ್ಣೆ ಇವು ಒಲೆಗೆ ಸೌದೆ ಇದ್ದಂತೆ; ದುಡಿಯಲು ಕಸುವು ಕೊಡುತ್ತವೆ. ಸೌದೆಯಿಂದ ಗೋಡೆ ಏಳುವುದಿಲ್ಲ. ಸ್ನಾಯು, ಚರ್ಮ, ರಕ್ತ, ರೋಗದ ವಿರುದ್ಧ ಹೋರಾಡುವ ಶಕ್ತಿ ಇವೆಲ್ಲ ಕಟ್ಟಿಕೊಳ್ಳುವುದು ಪ್ರೋಟೀನಿನಿಂದ. ಪ್ರೋಟೀನು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಆದದ್ದು. ಅವುಗಳಲ್ಲಿ 9ನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಇವುಗಳ ಜೊತೆ ಕಬ್ಬಿಣ, ಸುಣ್ಣದಂಶ, ಸತು, ಅಯೋಡಿನ್‌ನಂಥ ಖನಿಜಗಳು, ಹತ್ತಾರು ಜೀವಸತ್ವಗಳು. ಇವು ಬೇಕಾಗುವುದು ಕೊಂಚವೇ, ಆದರೆ ಅಷ್ಟೂ ಸಿಗದಿದ್ದರೆ ದೇಹದ ಕೆಲಸ ಒಂದೊಂದಾಗಿ ನಿಲ್ಲುತ್ತದೆ. ಇವುಗಳ ಕೊರತೆ ಹಸಿವಿನಂತೆ ಕೂಗುವುದಿಲ್ಲ. ಮಗು ಹೊಟ್ಟೆ ತುಂಬ ಉಂಡು ತರಗತಿಯಲ್ಲಿ ತೂಕಡಿಸುತ್ತದೆ, ನಾವು ‘ಸೋಮಾರಿ’ ಎಂದು ಕರೆಯುತ್ತೇವೆ.

ಈಗ ಮೊಟ್ಟೆಯ ಲೆಕ್ಕ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಅದೂ 9 ಅಮೈನೋ ಆಮ್ಲಗಳು ತಕ್ಕ ಪ್ರಮಾಣದಲ್ಲಿರುವಂಥದ್ದು. ಜೊತೆಗೆ ಎ, ಡಿ ಮತ್ತು ಬಿ12 ಜೀವಸತ್ವಗಳು. 10ರಿಂದ 12 ವರ್ಷದ ಮಗುವಿಗೆ ದಿನಕ್ಕೆ ಸುಮಾರು 32 ಗ್ರಾಂ ಪ್ರೋಟೀನು ಬೇಕು. ಬದಲಿಯೆಂದು ಕೊಟ್ಟ ಬಾಳೆಹಣ್ಣಿನಲ್ಲಿ ಇರುವುದು ಹೆಚ್ಚೆಂದರೆ 1 ಗ್ರಾಂ. ಕಮಲಾಪುರದ ಬಾಳೆ ರುಚಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅದನ್ನು ಮೊಟ್ಟೆಯ ಬದಲಿ ಎಂದು ನಮ್ಮ ಮಕ್ಕಳಿಗೇ ಕೊಡಿಸಿ ಸಮಾಧಾನಪಟ್ಟುಕೊಂಡರೆ ಮೋಸ ಹೋಗುವವರು ನಮ್ಮ ಮಕ್ಕಳೇ. 30 ಗ್ರಾಂ ಶೇಂಗಾ ಇರುವ ಚಿಕ್ಕಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು ಸಿಗುತ್ತದೆ, ಅದು ಸಮಕ್ಕೆ ಬಂತು. ಆದರೆ ಶೇಂಗಾದಲ್ಲಿ ಬಿ12 ಇಲ್ಲ. ಯಾವ ಕಾಳಿನಲ್ಲೂ, ಸೊಪ್ಪಿನಲ್ಲೂ ಇಲ್ಲ. ಸಸ್ಯಾಹಾರಿಗೆ ಬಿ12 ಸಿಗುವ ದಾರಿ ಹಾಲು, ಮೊಸರು, ಮಜ್ಜಿಗೆ. ಇದರ ಕೊರತೆಯಾದರೆ ರಕ್ತ ಕೆಡುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ಹಾಲನ್ನೆಲ್ಲ ಡೇರಿಗೆ ಹಾಕಿ ಬರಿ ಚಹಾಕ್ಕೆ ಇಷ್ಟು ಉಳಿಸಿಕೊಳ್ಳುವ ಸಸ್ಯಾಹಾರಿ ಮನೆಗಳಿಗೆ ಈ ಮಾತು ಮುಖ್ಯ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿ ಲೀಟರ್ ಹಾಲನ್ನು ಶಾಲೆಯಲ್ಲಿ ಬೇಡವೆನ್ನುವ ಮಕ್ಕಳಿಗೆ ಮನೆಯವರು ಬುದ್ಧಿ ಹೇಳಬೇಕು.

ಸಸ್ಯಾಹಾರದಲ್ಲಿ ಪ್ರೋಟೀನು ಸಾಲದು ಎನ್ನುವುದೂ ಸುಳ್ಳು. ಜೋಳ, ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಇಟ್ಟಿಗೆ ಕಡಿಮೆ; ಬೇಳೆಕಾಳುಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಾದದ್ದು ಧಾನ್ಯದಲ್ಲಿದೆ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ ಸೊಪ್ಪು, ಮೊಸರು: ನಮ್ಮ ಅಜ್ಜಿಯರ ಈ ತಟ್ಟೆಗೆ ಯಾವ ಆಹಾರ ತಜ್ಞರೂ ತಿದ್ದುಪಡಿ ಹೇಳಲಾರರು. ಕೇಡು ಬಂದದ್ದು ಪಲ್ಯ, ಮೊಸರು, ಸೊಪ್ಪು ಹೋಗಿ ರೊಟ್ಟಿ, ಖಾರ ಮಾತ್ರ ಉಳಿದಾಗ. 1960ರ ಹೊತ್ತಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ದಖ್ಖನಿನ ಬಡ ಜೋಳದೂಟದವರಲ್ಲಿ ಪೆಲಾಗ್ರ ಎಂಬ ಕಾಯಿಲೆಯನ್ನು ಗುರುತಿಸಿದರು. ಬಿಸಿಲಿಗೆ ತಾಗುವ ಕುತ್ತಿಗೆ, ಕೈಗಳ ಚರ್ಮ ಸುಟ್ಟಂತೆ ಕಪ್ಪಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಅದು ನಯಾಸಿನ್ ಎಂಬ ಜೀವಸತ್ವದ ಕೊರತೆ. ಅಲ್ಲಿಯವರೆಗೆ ಅದನ್ನು ಗೋವಿನಜೋಳ ಉಣ್ಣುವವರ ಕಾಯಿಲೆ ಎಂದೇ ತಿಳಿದಿದ್ದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬೇಕೆಂದು ಅವರು ವಾದಿಸಿದರು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಯಾವ ಧಾನ್ಯವೂ ಒಂಟಿಯಾಗಿ ಮನುಷ್ಯನನ್ನು ಸಾಕಲಾರದು.

ಈಗ ನಮ್ಮ ಭಾಗದಲ್ಲಿ ಜೋಳವೂ ಹಿಂದೆ ಸರಿದಿದೆ. ಕಂಪ್ಲಿಯ ಕಡೆ ವಿಜಯನಗರದ ಕಾಲದ ಕಾಲುವೆಗಳಿಂದ ಭತ್ತ ಮೊದಲೂ ಇತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗಳು ಹರಿದ ಮೇಲೆ ಸಿರುಗುಪ್ಪ, ಗಂಗಾವತಿವರೆಗೆ ಭತ್ತವೇ ಭತ್ತ. ಹಿಂದೆ ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಅನ್ನ ಮೂರು ಹೊತ್ತಿನ ಊಟವಾಯಿತು. ಹಸಿವು ಹೋಯಿತು, ಅದು ಸಣ್ಣ ಮಾತಲ್ಲ. ಆದರೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿರುವ ಕಬ್ಬಿಣ 1 ಮಿಲಿಗ್ರಾಮಿಗಿಂತ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು 4, ರಾಗಿಯಲ್ಲಿ ನಾಲ್ಕೂವರೆ, ಸಜ್ಜೆಯಲ್ಲಿ 6ಕ್ಕೂ ಹೆಚ್ಚು. ಸುಣ್ಣದಂಶ ರಾಗಿಯಲ್ಲಿ 350 ಮಿಲಿಗ್ರಾಂ ದಾಟುತ್ತದೆ, ಅಕ್ಕಿಯಲ್ಲಿ 10 ಕೂಡ ಇಲ್ಲ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಮಧ್ಯಾಹ್ನ ಅನ್ನ, ತಿಳಿ ಸಾರು. ರಾತ್ರಿ ಮತ್ತೆ ಅನ್ನ. ಪಾಳಿಯ ಕೆಲಸದವರ ದಿನ ಹೀಗೆಯೇ ಕಳೆಯುವುದನ್ನು ತೋರಣಗಲ್ಲಿನಲ್ಲಿ ದಿನವೂ ನೋಡುತ್ತೇನೆ. ಬೆಳಗಿನ ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಬೇಡಿ.

ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಹೆಂಗಸಿಗೆ 29 ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ. ಕಾರಣ ಪ್ರತಿ ತಿಂಗಳು ಹೋಗುವ ರಕ್ತ. ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಮನೆಯಲ್ಲಿ ಆ ಮೂರು ದಿನ ಹೆಣ್ಣುಮಗಳನ್ನು ಮೂಲೆಗೆ ಕೂರಿಸಿ, ತಣ್ಣಗಾದದ್ದನ್ನು ಬಡಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಉಳಿದ ದಿನಗಳಲ್ಲೂ ಆಕೆ ಉಣ್ಣುವುದು ಕೊನೆಗೆ. ಪಲ್ಯ ಗಂಡಸರಿಗೆ, ಹಾಲು ಗಂಡುಮಕ್ಕಳಿಗೆ, ತಳದಲ್ಲಿ ಉಳಿದ ಸಾರು ತಾಯಿಗೆ. ಇದರ ಮೇಲೆ ಸೋಮವಾರ ಒಪ್ಪತ್ತು, ಶ್ರಾವಣವೆಲ್ಲ ಒಪ್ಪತ್ತು. ವ್ರತಗಳಿಂದ ದೇಹ ದಂಡಿಸುವುದನ್ನು ಶರಣರು ಒಪ್ಪಿದವರಲ್ಲ. ಬಸುರಿ, ಬಾಣಂತಿ ಉಪವಾಸ ಮಾಡಬಾರದೆಂದು ಪೂಜ್ಯರೇ ಪ್ರವಚನದಲ್ಲಿ ಹೇಳಿದರೆ ಹತ್ತು ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಸಸ್ಯಾಹಾರದ ಕಬ್ಬಿಣಕ್ಕೆ ಒಂದು ತೊಡಕಿದೆ. ಧಾನ್ಯ, ಕಾಳುಗಳಲ್ಲಿ ಅದು ಇದ್ದರೂ ಕರುಳು ಹೀರಿಕೊಳ್ಳುವುದು ಕೊಂಚ ಭಾಗ ಮಾತ್ರ. ಊಟದೊಂದಿಗೆ ಲಿಂಬೆ, ನೆಲ್ಲಿ, ಪೇರಲದಂಥ ಸಿ ಜೀವಸತ್ವದ ಪದಾರ್ಥ ಇದ್ದರೆ ಹೆಚ್ಚು ಹೀರುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ. ಉಂಡು ಕೈ ತೊಳೆಯುವ ಮೊದಲೇ ಚಹಾ ಕೇಳುವ ರೂಢಿ ಬಿಟ್ಟು ಒಂದು ತಾಸು ತಡೆದರೆ ಖರ್ಚಿಲ್ಲದ ಔಷಧ. ಕಾಳು ಮೊಳಕೆ ಬರಿಸುವುದು, ಹಿಟ್ಟು ಹುಳಿಯಿಸುವುದು ಕೂಡ ಕಬ್ಬಿಣವನ್ನು ಬಿಡಿಸಿಕೊಡುತ್ತವೆ. ಚೆನ್ನಯ್ಯನ ಹುಳಿ ಅಂಬಲಿ ಭಕ್ತಿಯ ಕಥೆ ನಿಜ, ಅದು ಒಳ್ಳೆಯ ಊಟವೂ ಹೌದು.

ರಕ್ತ ತೀರ ಕಡಿಮೆಯಾದವರಿಗೆ ಊಟವೊಂದೇ ಸಾಲದು. ಬಸುರಿಯರಿಗೆ ಸರ್ಕಾರ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತದೆ. ಮಲ ಕಪ್ಪಾಯಿತು, ವಾಂತಿ ಬಂದಂತಾಯಿತು ಎಂದು ಬಹಳ ಜನ ಡಬ್ಬಿಯಲ್ಲೇ ಇಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಊಟದ ನಂತರ ಲಿಂಬೆ ಪಾನಕದೊಂದಿಗೆ ನುಂಗಬಹುದು; ಚಹಾ ಜೊತೆ, ಸುಣ್ಣದಂಶದ ಮಾತ್ರೆ ಜೊತೆ ಬೇಡ. ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು, ಕೊಕ್ಕೆಹುಳ ಕರುಳಿನಲ್ಲಿ ಕೂತು ರಕ್ತವನ್ನೇ ಹೀರುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಕಾಣುವ ಬೇರೆ ಬಣ್ಣದ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಚೆಲ್ಲುವವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳು, 1 ಕೆಜಿ ಅಕ್ಕಿಗೆ 10 ಗ್ರಾಮಿನಂತೆ ಬೆರೆಸಿರುತ್ತಾರೆ. ಚೆಲ್ಲಿದರೆ ಚೆಲ್ಲಿದ್ದು ಔಷಧವನ್ನೇ.

ಇನ್ನು ನಮ್ಮ ಮಠಗಳ ಪ್ರಸಾದ ನಿಲಯಗಳು. ಇಲ್ಲಿಗೆ ಬರಬೇಕೆಂದೇ ಇಷ್ಟು ಬರೆದೆ.

ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟ ಮಠಗಳ ಋಣ ಈ ನಾಡಿನ ಮೇಲಿದೆ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಸಾವಿರಾರು ಮಕ್ಕಳನ್ನು ಸಾಕಿದ್ದನ್ನು ದೇಶವೇ ಕಂಡಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳ ತಾಯಂದಿರು ರೊಟ್ಟಿ ಬಡಿದು ಲಕ್ಷಗಟ್ಟಲೆ ಕಳಿಸುತ್ತಾರೆ. ಈ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಆದರೆ ಜಾತ್ರೆ ಮುಗಿದ ಮೇಲಿನ ದಿನಗಳ ಊಟದ ಮಾತೇನು?

ಇತ್ತೀಚೆಗೆ ಒಂದು ಪ್ರಸಾದ ನಿಲಯದ ಅಡುಗೆಮನೆಗೆ ಹೋಗಿದ್ದೆ. ಉಗ್ರಾಣದಲ್ಲಿ ಅಕ್ಕಿ ಚೀಲಗಳು ತೊಲೆ ಮುಟ್ಟುವಂತೆ ಪೇರಿಸಿದ್ದವು. ಕಾಳಿನ ಡಬ್ಬಿಗಳು ತಳ ಕಂಡಿದ್ದವು. ಅಡುಗೆಯ ತಾಯಿಗೆ ಕೇಳಿದೆ, ‘ಯವ್ವಾ, ವಾರಕ್ಕ ಎಷ್ಟು ಸಲ ಕಾಳಪಲ್ಯ ಮಾಡ್ತೀರಿ?’

‘ಒಮ್ಮೆ ಮಾಡಿದ್ರ ಹೆಚ್ಚಾತ್ರೀ ಅಪ್ಪಾರ. ಮಾಡಿದ ದಿನ ಹುಡುಗ್ರು ಬಡಿದಾಡಿ ತಿಂತಾವು. ಆದ್ರ ಭಕ್ತರು ಕೊಡೂದು ಅಕ್ಕಿ, ಬೆಲ್ಲ, ಎಣ್ಣಿ. ಹುಟ್ಟಿದ ಹಬ್ಬ ಇದ್ರ ಲಾಡು. ಕಾಳು ಯಾರ್ ಕೊಡ್ತಾರ್ರೀ?’

ಈ ತಾಯಿಯ ಮಾತಿಗಿಂತ ಸರಿಯಾದ ವರದಿಯನ್ನು ಯಾವ ಸಮಿತಿಯೂ ಬರೆಯಲಾರದು. ನಾವು ದಾಸೋಹಕ್ಕೆ ಕೊಡುವುದು ನಮ್ಮ ಕಣ್ಣಿಗೆ ತುಂಬಿ ಕಾಣುವುದನ್ನು, ಮಗುವಿನ ಮೈಗೆ ಬೇಕಾದದ್ದನ್ನಲ್ಲ. ಒಂದು ಕ್ವಿಂಟಲ್ ಅಕ್ಕಿ ಅಂದರೆ ಬೋರ್ಡಿನ ಮೇಲೆ ಹೆಸರು ಬರುತ್ತದೆ. ಹತ್ತು ಕೆಜಿ ಹುರುಳಿ ಕೊಟ್ಟರೆ ಯಾರೂ ಹೆಸರು ಬರೆಯುವುದಿಲ್ಲ. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಈ ಉಗ್ರಾಣ ನೋಡಿದ್ದರೆ, ಅಕ್ಕಿ ಒಯ್ದು ಕಾಳು ತನ್ನಿ ಎನ್ನುತ್ತಿದ್ದಳೋ ಏನೋ.

ಲೆಕ್ಕ ದೊಡ್ಡದೇನಲ್ಲ. 200 ಮಕ್ಕಳಿರುವ ನಿಲಯದಲ್ಲಿ ತಲೆಗೆ 40 ಗ್ರಾಂ ಕಾಳು ಅಥವಾ ಬೇಳೆ ಎಂದರೆ ದಿನಕ್ಕೆ 8 ಕೆಜಿ. ತಲೆಗೆ 30 ಗ್ರಾಂ ಶೇಂಗಾ ಎಂದರೆ 6 ಕೆಜಿ. ಒಂದೊಂದು ಲೋಟ ಹಾಲು ಅಥವಾ ಮಜ್ಜಿಗೆ. ಅಂಗಳದಲ್ಲಿ ನಾಲ್ಕು ನುಗ್ಗೆ ಗಿಡ, ಕೈತೋಟದಲ್ಲಿ ಪುಂಡಿ, ರಾಜಗಿರಿ, ಮೆಂತ್ಯ ಸೊಪ್ಪು, ಒಂದೆರಡು ಲಿಂಬೆ ಗಿಡ. ವಾರಕ್ಕೆ ಮೂರು ದಿನವಾದರೂ ಅನ್ನದ ಬದಲು ರೊಟ್ಟಿ ಅಥವಾ ಮುದ್ದೆ. ಒಂದು ದಿನದ ದಾಸೋಹ ಸೇವೆಯ ರಸೀದಿ ಬರೆಯುವಾಗ ‘ಅಕ್ಕಿ ಸಾಕಷ್ಟಿದೆ, ಕಾಳು ಕೊಡಿ, ಶೇಂಗಾ ಕೊಡಿ, ಹಾಲಿನ ಖರ್ಚು ವಹಿಸಿ’ ಎಂದು ಕಾರ್ಯದರ್ಶಿಗಳು ಬಾಯಿಬಿಟ್ಟು ಹೇಳಬೇಕು. ಭಕ್ತರು ಬೇಡವೆನ್ನುವುದಿಲ್ಲ, ಅವರನ್ನು ಯಾರೂ ಕೇಳಿಲ್ಲ ಅಷ್ಟೇ.

ಹೀಗೆ ಮಾಡಿದ ಮಠ ಆ ಕೊಪ್ಪಳದ ಹುಡುಗಿಗೆ ಧೈರ್ಯವಾಗಿ ಹೇಳಬಹುದು: ಬಾ ಮಗಳೇ, ಶಾಲೆಯಲ್ಲಿ ಮೊಟ್ಟೆ ತಿನ್ನು, ನಮ್ಮಲ್ಲಿ ಬಂದಾಗ ನಮ್ಮ ತಟ್ಟೆಯಲ್ಲಿ ಇದಿದೆ, ಇದರಲ್ಲೂ ನಿನ್ನ ಮೈಗೆ ಬೇಕಾದದ್ದಿದೆ.

ತೋರಣಗಲ್ಲು, ಸಂಡೂರು, ಹೊಸಪೇಟೆ, ಕಂಪ್ಲಿ ಭಾಗದ ಪ್ರಸಾದ ನಿಲಯಗಳ ವ್ಯವಸ್ಥಾಪಕರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಸೋಮವಾರದಿಂದ ಭಾನುವಾರದವರೆಗೆ ಮೂರು ಹೊತ್ತು ಏನು ಬಡಿಸುತ್ತೀರಿ ಎಂಬುದನ್ನು ಇದ್ದದ್ದು ಇದ್ದಂತೆ ಬರೆದು ಕಳಿಸಿ. ಮಕ್ಕಳ ಸಂಖ್ಯೆ, ವಾರಕ್ಕೆ ಬಳಸುವ ಅಕ್ಕಿ, ಕಾಳು, ಹಾಲು, ಸೊಪ್ಪಿನ ಪ್ರಮಾಣ ಇರಲಿ. ಬಂದ ಪಟ್ಟಿಗಳನ್ನು ಮುಂದಿನ ಸಂಚಿಕೆಯಿಂದ ಒಂದೊಂದಾಗಿ ಪ್ರಕಟಿಸುತ್ತೇವೆ. ಯಾವ ನಿಲಯಕ್ಕೆ ಏನು ಬೇಕಿದೆ ಎಂಬುದನ್ನೂ ಪಟ್ಟಿಯ ಕೆಳಗೆ ಹಾಕುತ್ತೇವೆ. ಶ್ರಾವಣದ ಪ್ರವಚನಗಳು ಆರಂಭವಾಗುವ ಮೊದಲು ತಲುಪಿದರೆ ಅಲ್ಲಿ ಸೇರುವ ಭಕ್ತರ ಮುಂದೆಯೂ ಓದಬಹುದು.